ಅಪ್ಪನ ಲ್ಯಾಪ್‌ಟಾಪ್‌ನ ಹಸಿರು ಚುಕ್ಕೆ

2024ರ ದೀಪಾವಳಿಗೆ ಬಸವನಗುಡಿಯ ಮನೆಗೆ ಹೋಗಿದ್ದೆ. ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತು ಕರೆಂಟ್ ಬಿಲ್ ಕಟ್ಟುತ್ತಿದ್ದರು. ಫೈರ್‌ಫಾಕ್ಸ್ ಬ್ರೌಸರ್‌ನ ಬಲಮೂಲೆಯಲ್ಲಿ, ಮೂರು ಗೆರೆಗಳ ಪಕ್ಕ, ಪುಟ್ಟ ಹಸಿರು ಚುಕ್ಕೆ, ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡಿ ಅನ್ನುವ ಗುರುತು.

“ಅಪ್ಪಾ, ಇದು ಯಾವಾಗಿಂದ ಇದೆ?”

“ಬಹಳ ದಿನದಿಂದ ಇದೆ ಕಣೋ. ರೀಸ್ಟಾರ್ಟ್ ಮಾಡಿದ್ರೆ ತೆಗೆದಿಟ್ಟಿರೋ ಪೇಜೆಲ್ಲ ಹೋಗ್ಬಿಡುತ್ತೆ ಅಂತ ಸುಮ್ನೆ ಬಿಟ್ಟಿದ್ದೀನಿ.”

ವರ್ಷನ್ ನೋಡಿದೆ. 131.0. ಎದೆ ಧಸಕ್ ಅಂತು.

ಅಕ್ಟೋಬರ್ 8ರಂದು ಈಸೆಟ್ ಅನ್ನುವ ಸೈಬರ್ ಭದ್ರತಾ ಕಂಪನಿಯವರು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾಗೆ ಅದರಲ್ಲಿದ್ದ ಒಂದು ಭದ್ರತಾ ತೂತಿನ ಬಗ್ಗೆ ತಿಳಿಸಿದ್ದರು. ಪುಟದಲ್ಲಿ ಅನಿಮೇಶನ್ ನೋಡಿಕೊಳ್ಳುವ ಕೋಡ್‌ನಲ್ಲಿತ್ತು ಅದು. ದೋಷಗಳ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2024-9680, ತೀವ್ರತೆ 10ಕ್ಕೆ 9.8. ಕಳ್ಳರು ಆಗಲೇ ಅದನ್ನು ಬಳಸುತ್ತಿದ್ದರು. ಅವರ ಪುಟ ತೆರೆದರೆ ಸಾಕು, ಏನನ್ನೂ ಒತ್ತಬೇಕಾಗಿಲ್ಲ. ವಿಂಡೋಸ್‌ನ ಇನ್ನೊಂದು ತೂತನ್ನೂ ಇದಕ್ಕೆ ಜೋಡಿಸಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು, ಅದಕ್ಕೆ ಪ್ಯಾಚ್ ಬಂದಿದ್ದು ನವೆಂಬರ್ 12ಕ್ಕೆ. ಮೊಜಿಲ್ಲಾದವರು ಮಾತ್ರ 25 ಗಂಟೆಯಲ್ಲಿ ರಿಪೇರಿ ಮಾಡಿ 131.0.2 ಬಿಟ್ಟರು. 25 ಗಂಟೆ! ಆ ರಿಪೇರಿ ಅಪ್ಪನ ಡಿಸ್ಕಿಗೆ ಬಂದು ಮೂರು ವಾರ ಸುಮ್ಮನೆ ಕೂತಿತ್ತು, ಯಾಕಂದರೆ ಅವರು ಬ್ರೌಸರ್ ಮುಚ್ಚುವುದೇ ಇಲ್ಲ, ಲ್ಯಾಪ್‌ಟಾಪ್ ಮಡಚಿ ಎತ್ತಿಡುತ್ತಾರೆ ಅಷ್ಟೇ.

ಇಂಥ ತೂತಿನ ಹೆಸರು ಯೂಸ್ ಆಫ್ಟರ್ ಫ್ರೀ, ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವುದು. ಅಪ್ಪನಿಗೆ ಹೀಗೆ ಹೇಳಿದೆ. ಬಾಗಿಲಿಗೆ ಚೀಲ ತೂಗುಹಾಕಿ, ‘ನಾಳೆ ಎರಡು ಪ್ಯಾಕೆಟ್’ ಅಂತ ಚೀಟಿ ಇಡುತ್ತೀವಿ, ಹಾಲಿನ ಹುಡುಗ ಓದಿ ಹಾಗೇ ಮಾಡುತ್ತಾನೆ ಅಲ್ವಾ? ಬಾಡಿಗೆಯವರು ಮನೆ ಖಾಲಿ ಮಾಡಿದರು, ಆದರೆ ಹುಡುಗನ ಪುಸ್ತಕದಲ್ಲಿ ವಿಳಾಸ ಹಾಗೇ ಉಳಿದಿದೆ. ಅಷ್ಟರಲ್ಲಿ ಕಳ್ಳ ಅದೇ ಮನೆಗೆ ಬಾಡಿಗೆಗೆ ಬಂದು, ಅಂಥದ್ದೇ ಚೀಲ ಹಾಕಿ, ತನಗೆ ಬೇಕಾದ ಚೀಟಿ ಇಡುತ್ತಾನೆ. ಹುಡುಗ ಹಳಬರದ್ದೇ ಅಂದುಕೊಂಡು ಚೀಟಿ ಹೇಳಿದಂತೆ ಮಾಡುತ್ತಾನೆ. ಪುಸ್ತಕದ ವಿಳಾಸವೇ ಪಾಯಿಂಟರ್, ಖಾಲಿಯಾದ ಮನೆ ಬಿಟ್ಟುಕೊಟ್ಟ ಮೆಮೊರಿ.

ಇದೇನು ಅಪರೂಪದ ತಪ್ಪಲ್ಲ. ಗೂಗಲ್ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಬ್ರೌಸರ್‌ನ ತಂಡ 2015ರಿಂದೀಚೆಗಿನ 912 ಗಂಭೀರ ದೋಷಗಳನ್ನು ನೋಡಿ 2020ರಲ್ಲಿ ಹೇಳಿದ್ದು: ಸುಮಾರು 70% ಮೆಮೊರಿಯದ್ದು, ಅದರಲ್ಲಿ ಅರ್ಧ ಇದೇ ಜಾತಿ. ಬ್ರೌಸರ್‌ಗಳನ್ನು ಹೆಚ್ಚಾಗಿ ಬರೆದಿರುವ ಸಿ++ ಭಾಷೆಯಲ್ಲಿ ಯಾರ ಪುಸ್ತಕದಲ್ಲಿ ಯಾವ ಹಳೇ ವಿಳಾಸ ಉಳಿದಿದೆ ಅಂತ ಮನುಷ್ಯರೇ ನೆನಪಿಟ್ಟುಕೊಳ್ಳಬೇಕು, ಅದು ಆಗದ ಮಾತು.

ಫೈರ್‌ಫಾಕ್ಸ್ ಖಾಲಿಯಾದ ಮೆಮೊರಿಯ ಮೇಲೆ ಇ5 ಇ5 ಇ5 ಅಂತ ಗೀಚಿಬಿಡುತ್ತದೆ. ಹಳೇ ಚೀಟಿ ಅಳಿಸಿದ ಹಾಗೆ. ಹುಡುಗ ಓದಲಾಗದೆ ಅಲ್ಲೇ ಕುಸಿಯುತ್ತಾನೆ, ಬ್ರೌಸರ್ ಕ್ರ್ಯಾಶ್ ಆಗುತ್ತದೆ. ಕ್ರ್ಯಾಶ್ ಆದರೂ ಪರವಾಗಿಲ್ಲ, ಕಳ್ಳತನಕ್ಕಿಂತ ವಾಸಿ. ಆದರೆ ಹೊಸ ಬಾಡಿಗೆಯವನು ಬಂದುಬಿಟ್ಟರೆ ಈ ಉಪಾಯ ನಡೆಯುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು 2022ರಲ್ಲಿ ಕ್ರೋಮ್ ತಂದ ಮಿರಾಕಲ್‌ಪಿಟಿಆರ್. ಮನೆಯ ವಿಳಾಸ ಎಷ್ಟು ಪುಸ್ತಕಗಳಲ್ಲಿದೆ ಅಂತ ಎಣಿಕೆ ಇಡುತ್ತಾರೆ, ಅದು ಸೊನ್ನೆ ಆಗುವ ತನಕ ಮನೆಗೆ ಬೀಗ. ಇದಕ್ಕಾಗಿ 15,000ಕ್ಕೂ ಹೆಚ್ಚು ಪಾಯಿಂಟರ್‌ಗಳನ್ನು ತಿದ್ದಿದರು. ಬೀಗ ಹಾಕಿದ ಮನೆಗಳು ಸುಮ್ನೆ ಬಿದ್ದಿರುತ್ತವಲ್ಲ, ಹಾಗಾಗಿ ವಿಂಡೋಸ್‌ನಲ್ಲಿ ಬ್ರೌಸರ್‌ನ ಮುಖ್ಯ ಪ್ರೋಸೆಸ್ 4.5ರಿಂದ 6.5% ಜಾಸ್ತಿ ಮೆಮೊರಿ ತಿನ್ನುತ್ತದೆ. ತಿನ್ನಲಿ ಬಿಡಿ.

ರಸ್ಟ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ: ಸಾಮಾನ್ಯವಾಗಿ ಇಂಥ ಕೋಡ್ ಕಂಪೈಲೇ ಆಗುವುದಿಲ್ಲ, ಅಂದರೆ ಓಡಬಲ್ಲ ಪ್ರೋಗ್ರಾಮ್ ಆಗಿ ತಯಾರಾಗುವುದೇ ಇಲ್ಲ. 2017ರ ಫೈರ್‌ಫಾಕ್ಸ್ 57ರಲ್ಲಿ ಪುಟದ ಬಣ್ಣ, ಅಳತೆ, ಜೋಡಣೆ ನೋಡಿಕೊಳ್ಳುವ ಸಿಎಸ್‌ಎಸ್ ಭಾಗವನ್ನು ಅದರಲ್ಲೇ ಹೊಸದಾಗಿ ಬರೆದರು. ಈ ತೂತು ಇದ್ದದ್ದು ಇನ್ನೂ ಸಿ++ನಲ್ಲೇ ಉಳಿದಿದ್ದ ಕಡೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ತೆರೆದಿದ್ದ ಟ್ಯಾಬ್‌ಗಳನ್ನು ಒಂದೊಂದಾಗಿ ಎಣಿಸಿ, 23 ಅಂತ ಕ್ಯಾಲೆಂಡರ್ ಅಂಚಿನಲ್ಲಿ ಬರೆದುಕೊಂಡು, ರೀಸ್ಟಾರ್ಟ್ ಒತ್ತಿದರು. ಒಂದು ನಿಮಿಷವೂ ಆಗಲಿಲ್ಲ. ಮತ್ತೆ ಎಣಿಸಿದರು. 23.

“ಇಷ್ಟೇನಾ?” ಅಂದರು. ಅಡುಗೆಮನೆಯ ಕಡೆ ತಿರುಗಿ, “ಲೇ, ನಿನ್ನ ಫೋನ್ ಕೊಡು ಇಲ್ಲಿ” ಅಂತ ಅಮ್ಮನನ್ನು ಕೂಗಿದರು.