ಕೈಯಾರೆ ಕಟ್ಟಿದ ದೋಣಿ, ಎದುರಿಗೆ ಸಾಗರ

ತಾವೇ ಹಾಯಿದೋಣಿ ಕಟ್ಟಿಕೊಂಡು ಸಾಗರ ದಾಟುವವರ ಬಗ್ಗೆ ಓದ್ತಾ ಕೂತಿದ್ದೇನೆ. ಹೊಟ್ಟೆಕಿಚ್ಚೂ ಆಗುತ್ತೆ, ಎದೆಯೂ ಝಲ್ಲೆನ್ನುತ್ತೆ.

ನನಗೆ ಅಲೆಗಿಂತ ಜಾಸ್ತಿ ಭಯ ಸಣ್ಣ ಲೋಹದ ಪಟ್ಟಿಗಳದ್ದು. ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ತಂತಿಗಳು ದೋಣಿಯ ಮೈಗೆ ಸೇರುವುದು ಈ ಪಟ್ಟಿಗಳ ಮೂಲಕ. ಪಟ್ಟಿ ಡೆಕ್, ಅಂದರೆ ದೋಣಿಯ ಮೇಲ್ಹಾಸು, ತೂರಿ ಒಳಗೆ ಇಳಿಯುವ ಸಂದಿಯಲ್ಲಿ ಉಪ್ಪುನೀರು ನಿಂತರೆ ಸ್ಟೇನ್‌ಲೆಸ್ ಸ್ಟೀಲೂ ತುಕ್ಕು ಹಿಡಿಯುತ್ತೆ. ಗಾಳಿಯಾಡದ ಕಡೆ ಅದನ್ನು ಕಾಯುವ ಪೊರೆ ಮತ್ತೆ ಕಟ್ಟುವುದಿಲ್ಲ. ಮೇಲಿಂದ ನೋಡಿದರೆ ಫಳಫಳ. ಪಕ್ಕದಲ್ಲಿ ತೆಳುವಾದ ಕಂದು ಗೆರೆ ಕಂಡರೆ ಪುಣ್ಯ. ಪಟ್ಟಿ ಮುರಿದರೆ ಕಂಬ ಉರುಳುತ್ತೆ. ಉರುಳಿ ಸುಮ್ನೆ ಮುಳುಗಿಹೋಗುತ್ತಾ? ಇಲ್ಲ, ತಂತಿಗೆ ಸಿಕ್ಕಿಕೊಂಡು ದೋಣಿಯ ಪಕ್ಕೆಗೇ ಗುದ್ದುತ್ತಾ ಇರುತ್ತೆ.

ದೋಣಿಯ ಭಾಗಗಳನ್ನು ಅಂಟಿಸುವ ಎಪಾಕ್ಸಿ ಎಂಬ ಎರಡು ದ್ರವಗಳ ಅಂಟನ್ನು ಅಳತೆ ತಪ್ಪಿ ಕಲಸಿದರೂ ಇದೇ ಕಥೆ. ಕೆರೆಯಲ್ಲಿ ಗೊತ್ತೇ ಆಗಲ್ಲ, ಸಾಗರದಲ್ಲಿ ಕೈಕೊಡುತ್ತೆ.

ಹಾಗಂತ ಇವರೆಲ್ಲ ಹುಚ್ಚರು ಅನ್ನಲಾರೆ. 1965ರಲ್ಲಿ ಅಮೆರಿಕದ ಪತ್ರಕರ್ತ ರಾಬರ್ಟ್ ಮ್ಯಾನ್ರಿ ಹದಿಮೂರುವರೆ ಅಡಿಯ ಹಳೇ ದೋಣಿಯನ್ನು ತಾವೇ ಮಾರ್ಪಡಿಸಿ, 78 ದಿನದಲ್ಲಿ ಅಟ್ಲಾಂಟಿಕ್ ದಾಟಿದರು. ಅಲೆ ಅವರನ್ನು ಹಲವು ಸಲ ನೀರಿಗೆ ಎಸೆಯಿತು. ಮೈಗೆ ಕಟ್ಟಿಕೊಂಡ ಹಗ್ಗ ಉಳಿಸಿತು. ಸ್ಪ್ರೇ ಎಂಬ ಗುಜರಿ ದೋಣಿಯನ್ನು ಮತ್ತೆ ಕಟ್ಟಿ ಜೋಶುವಾ ಸ್ಲೋಕಮ್ 1898ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಅವರು ಪಳಗಿದ ಕ್ಯಾಪ್ಟನ್ ಬಿಡಿ. ಆದರೂ 1909ರಲ್ಲಿ ಅದೇ ಸ್ಪ್ರೇ ಹತ್ತಿ ಹೋದವರು ವಾಪಸ್ ಬರಲಿಲ್ಲ. ಏನಾಯಿತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.