ಜ್ಯೂರಿಕ್‌ನ ಚರ್ಚುಗಳಿಗೆ ಹೋಗುವವರು ಬಿಸಿಲು ನೋಡಿಕೊಂಡು ಹೊರಡಿ

ಜ್ಯೂರಿಕ್‌ನಲ್ಲಿ ವಿಮಾನ ಇಳಿದ ನಮ್ಮವರಲ್ಲಿ ಹೆಚ್ಚಿನವರು ನೇರವಾಗಿ ಹಿಮ ನೋಡಲು ಓಡುತ್ತಾರೆ. ಒಂದು ಇಡೀ ದಿನ ಈ ಊರಿಗೇ ಎತ್ತಿಡಿ. ವಿಮಾನ ನಿಲ್ದಾಣದಿಂದ ಮುಖ್ಯ ರೈಲು ನಿಲ್ದಾಣಕ್ಕೆ ಹತ್ತು ಹನ್ನೆರಡು ನಿಮಿಷ. ಅಲ್ಲಿಂದ ಹಳೇ ಊರಿನ ದೊಡ್ಡ ಚರ್ಚುಗಳನ್ನೆಲ್ಲ ನಡೆದೇ ನೋಡಬಹುದು.

ಮೊದಲು ಫ್ರೌಮ್ಯುನ್‌ಸ್ಟರ್‌ಗೆ ಹೋಗಿ, ಅದೂ ಬಾಗಿಲು ತೆರೆಯುವ ಹೊತ್ತಿಗೇ. 853ರಲ್ಲಿ ದೊರೆ ಲುಡ್ವಿಗ್ ತನ್ನ ಮಗಳು ಹಿಲ್ಡೆಗಾರ್ಡ್‌ಗಾಗಿ ಕಟ್ಟಿಸಿಕೊಟ್ಟ ಸನ್ಯಾಸಿನಿಯರ ಮಠ ಇದಾಗಿತ್ತು. ಈಗ ಜನ ಬರುವುದು ಮಾರ್ಕ್ ಶಗಾಲ್ ಮಾಡಿದ ಬಣ್ಣದ ಗಾಜಿನ ಕಿಟಕಿಗಳಿಗಾಗಿ. 1970ರಲ್ಲಿ ಅವನ್ನು ಕೂರಿಸಿದಾಗ ಕಲಾವಿದನ ವಯಸ್ಸು ಎಂಬತ್ತು ದಾಟಿತ್ತು. ಗರ್ಭಗುಡಿಯಂಥ ಆ ಭಾಗ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ನೇರವಾಗಿ ಗಾಜಿಗೆ ಬೀಳುತ್ತದೆ. ನಡುವಿನ ಹಸಿರು ಕಿಟಕಿಯಲ್ಲಿ ಕ್ರಿಸ್ತ, ಅದರ ಎಡಕ್ಕೆ ನೀಲಿಯಲ್ಲಿ ಬೈಬಲ್ಲಿನ ಯಾಕೋಬ ಕನಸಿನಲ್ಲಿ ಕಂಡ ಏಣಿ, ಬಲಕ್ಕೆ ಹಳದಿಯಲ್ಲಿ ವೀಣೆಯಂಥ ವಾದ್ಯ ಹಿಡಿದ ದಾವೀದ. ಎಡಗೋಡೆಯ ಕೆಂಪು ಕಿಟಕಿ ಪ್ರವಾದಿಗಳದ್ದು. ನಾನು ಅಲ್ಲಿದ್ದಾಗ ಮೋಡ ಸರಿಯಿತು. ಅಲ್ಲಿಯವರೆಗೆ ಮಂಕಾಗಿದ್ದ ಹಳದಿ ಒಮ್ಮೆಲೇ ಹೊತ್ತಿಕೊಂಡಿತು. ಆದ್ದರಿಂದ ಅವಸರ ಮಾಡಬೇಡಿ, ಬೆಂಚಿನಲ್ಲಿ ಅರ್ಧ ಗಂಟೆಯಾದರೂ ಕೂರಿ. ಒಳಗೆ ಹೋಗಲು ಟಿಕೆಟ್ ಇದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಪಕ್ಕದಲ್ಲೇ ಸೇಂಟ್ ಪೀಟರ್ ಚರ್ಚು. ಅದರ ಗೋಪುರದ ಗಡಿಯಾರದ ಮುಖ 8.7 ಮೀಟರ್ ಅಗಲ. ಹೊರಗಿನಿಂದ ನೋಡಿದರೆ ಸಾಕು.

ಸೇತುವೆ ದಾಟಿದರೆ ಜೋಡಿ ಗೋಪುರದ ಗ್ರೋಸ್‌ಮ್ಯುನ್‌ಸ್ಟರ್. ಇಲ್ಲಿ 1519ರಿಂದ ಉಪದೇಶ ಮಾಡಿದ ಪಾದ್ರಿ ಹುಲ್ಡ್ರಿಖ್ ಜ್ವಿಂಗ್ಲಿಯ ಧರ್ಮ ಸುಧಾರಣೆಯಿಂದಾಗಿ ಊರಿನ ಚರ್ಚುಗಳಿಂದ ವಿಗ್ರಹ, ಚಿತ್ರಗಳನ್ನೆಲ್ಲ ತೆಗೆಸಲಾಯಿತು. ಒಳಗಿನ ಬೋಳು ಗೋಡೆಗಳ ಹಿಂದೆ ಈ ಕಥೆಯಿದೆ, ಅದು ಗೊತ್ತಿದ್ದರೆ ಇಲ್ಲಿನ ಕಿಟಕಿಗಳು ಇನ್ನಷ್ಟು ಹಿಡಿಸುತ್ತವೆ. 2009ರಲ್ಲಿ ಪೂರ್ತಿಯಾದ ಜರ್ಮನ್ ಕಲಾವಿದ ಸಿಗ್ಮಾರ್ ಪೋಲ್ಕೆಯ ಹನ್ನೆರಡು ಕಿಟಕಿಗಳಲ್ಲಿ ಏಳು ಗಾಜಿನವಲ್ಲ, ತೆಳ್ಳಗೆ ಸೀಳಿದ ಅಗೇಟ್ ಕಲ್ಲಿನವು. ಕಲ್ಲಿನೊಳಗಿನ ಉಂಗುರಗಳು, ಎಳೆಗಳು ಬೆಳಕಿಗೆ ಸ್ಪಷ್ಟವಾಗಿ ಕಾಣುತ್ತವೆ. ಶಗಾಲ್‌ಗಿಂತ ನನಗೆ ಇವೇ ಹೆಚ್ಚು ಇಷ್ಟವಾದವು. ಗೋಪುರಕ್ಕೆ 187 ಮೆಟ್ಟಿಲು, ದಾರಿ ಇಕ್ಕಟ್ಟು. ಮಂಡಿ ನೋವಿರುವ ಹಿರಿಯರು ಕೆಳಗೇ ಇರುವುದು ಒಳ್ಳೆಯದು.

ಸಮಯ ಉಳಿದರೆ 7ನೇ ನಂಬರಿನ ಟ್ರಾಮ್ ಹತ್ತಿ ರೀಟ್‌ಬರ್ಗ್ ಮ್ಯೂಸಿಯಂಗೆ ಹೋಗಿ. ಚೋಳರ ಕಾಲದ ಕಂಚಿನ ನಟರಾಜ ಅಲ್ಲಿದ್ದಾನೆ. ವಾರಾಣಸಿಯಲ್ಲಿ ದಶಕಗಳ ಕಾಲ ನೆಲೆಸಿದ್ದ ಸ್ವಿಸ್ ಕಲಾವಿದೆ ಆಲಿಸ್ ಬೋನರ್ ಸಂಗ್ರಹಿಸಿದ ಭಾರತೀಯ ಚಿತ್ರಗಳೂ ಈ ಮ್ಯೂಸಿಯಂ ಸೇರಿವೆ.

ದಿನ ಆರಿಸುವಾಗ ಎರಡು ವಿಷಯ ಗಮನದಲ್ಲಿರಲಿ. ಭಾನುವಾರ ಬೆಳಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುತ್ತದೆ, ಆ ಹೊತ್ತಿನಲ್ಲಿ ನೋಡುವವರಿಗೆ ಪ್ರವೇಶವಿಲ್ಲ. ಸೋಮವಾರ ರೀಟ್‌ಬರ್ಗ್ ಸೇರಿದಂತೆ ದೊಡ್ಡ ಮ್ಯೂಸಿಯಂಗಳಿಗೆ ರಜೆ. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ, ಬೀದಿಬೀದಿಯ ಕಾರಂಜಿಗಳಲ್ಲೂ ಕುಡಿಯುವ ನೀರೇ ಬರುತ್ತದೆ. ಖಾಲಿ ಬಾಟಲಿ ಒಂದು ಚೀಲದಲ್ಲಿರಲಿ.