ಕಲಬುರಗಿ ಬಿಸಿಲಲ್ಲಿ ಸ್ಕೋನ್: ಇಲ್ಲಿಯವರೆಗೆ ಆದದ್ದು

ಅಂತೂ ಸ್ಕೋನ್ ಉಬ್ಬಿತು. ಸ್ಕೋನ್ ಅಂದರೆ ಇಂಗ್ಲೆಂಡಿನವರು ಚಹಾದ ಜೊತೆ ತಿನ್ನುವ, ಪುಟ್ಟ ದಪ್ಪ ಬನ್ನಿನಂಥ ತಿಂಡಿ. ಮೊನ್ನೆ ಮೊನ್ನೆಯವರೆಗೂ ಓವನ್ನಿಗೆ ಹೋದದ್ದು ಮೇಲೇಳುವ ಬದಲು ಅಗಲಕ್ಕೆ ಹರಡುತ್ತಿತ್ತು, ತಳದಲ್ಲಿ ಬೆಣ್ಣೆ ಸೋರಿ ಕರಿದಂತಾಗುತ್ತಿತ್ತು. ಬೇಕಿಂಗ್ ಪೌಡರ್ ಹಳೆಯದಾಯಿತೇನೋ ಅಂತ ಅರ್ಧ ಚಮಚ ಬಿಸಿನೀರಿಗೆ ಹಾಕಿ ನೋಡಿದೆ. ಬುಸ್ಸನೆ ನೊರೆ ಬಂತು, ಪೌಡರ್‌ನಲ್ಲಿ ಕಸುವು ಇನ್ನೂ ಇದೆ. ಕಾಟ ಇದ್ದದ್ದು ನಮ್ಮೂರ ಝಳದ್ದು.

ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಹೊತ್ತಿಗೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟುತ್ತದೆ, ಅಡುಗೆಕಟ್ಟೆಯ ಶಹಾಬಾದ್ ಕಲ್ಲು ಕೂಡ ಬೆಚ್ಚಗಿರುತ್ತದೆ. ಬೆಣ್ಣೆಯನ್ನು ಬೆರಳಿಂದ ಹಿಟ್ಟಿಗೆ ಉಜ್ಜಬೇಕು ಅನ್ನುವ ಇಂಗ್ಲೆಂಡಿನ ಪದ್ಧತಿ ಅಲ್ಲಿನ ತಣ್ಣನೆಯ ಅಡುಗೆಮನೆಗೆ ಸರಿ. ಬೆಣ್ಣೆಯ ಚೂರು ಗಟ್ಟಿಯಾಗಿಯೇ ಓವನ್ ಸೇರಬೇಕು. ಅದರೊಳಗಿನ ನೀರು ಅಲ್ಲಿ ಹಬೆಯಾದಾಗಲೇ ಪದರ ಎದ್ದು ನಿಲ್ಲುವುದು. ಕೈಯಲ್ಲೇ ಕರಗಿದರೆ ಮೈದಾ ಅದನ್ನು ಕುಡಿದುಬಿಡುತ್ತದೆ.

ಹಾಗಾಗಿ ಈಗ 60 ಗ್ರಾಂ ಬೆಣ್ಣೆಯನ್ನು ಫ್ರೀಜರ್‌ನಲ್ಲಿ ಕಲ್ಲಾಗಿಸಿ, ಗಜ್ಜರಿ ತುರಿಯುವ ಮಣೆಯಲ್ಲಿ ನೇರ ಹಿಟ್ಟಿಗೇ ತುರಿಯುತ್ತೇನೆ. 250 ಗ್ರಾಂ ಮೈದಾ, ಎರಡೂವರೆ ಚಮಚ ಬೇಕಿಂಗ್ ಪೌಡರ್, ಸಕ್ಕರೆ, ಚಿಟಿಕೆ ಉಪ್ಪು, ಎಲ್ಲವೂ ಬೋಗುಣಿ ಸಮೇತ ಫ್ರಿಜ್ಜಿನಲ್ಲಿ ತಣ್ಣಗಾಗಿರಬೇಕು. ಹಾಲಿನ ಬದಲು ದಪ್ಪ ಮಜ್ಜಿಗೆ, ಜೊತೆಗೆ ಕಾಲು ಚಮಚ ಸೋಡಾ. ಹಿಟ್ಟು ಒಂದಾದರೆ ಸಾಕು, ಕೈ ತೆಗೆಯುತ್ತೇನೆ.

ಇದನ್ನು ನೋಡಿ ಅವ್ವನಿಗೆ ಸಮಾಧಾನವಿಲ್ಲ. "ನಾದಲಿಲ್ಲಂದ್ರ ಹಿಟ್ಟು ಹೆಂಗ ಕೂಡ್ತದ?" ಅಂದಳು. ಜೋಳದ ಮಟ್ಟಿಗೆ ಅವಳ ಮಾತು ನೂರಕ್ಕೆ ನೂರು ನಿಜ. ಜೋಳದಲ್ಲಿ ಗ್ಲುಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಅಂಶ, ಇಲ್ಲ, ಕುದಿನೀರು ಹಾಕಿ ನಾದಿದರೇನೇ ರೊಟ್ಟಿಗೆ ಬಡಿಯಲು ಬರುತ್ತದೆ. ಮೈದಾದಲ್ಲಿ ಗ್ಲುಟೆನ್ ಇದೆ, ನಾದಿದಷ್ಟೂ ಸ್ಕೋನ್ ಬಿರುಸಾಗುತ್ತದೆ.

ಕತ್ತರಿಸುವಾಗ ಅಂಚು ತೆಳ್ಳಗಿರುವ ಡಬ್ಬಿಯನ್ನು ನೇರ ಒತ್ತಿ ನೇರ ಎತ್ತಬೇಕು. ತಿರುವಿದರೆ ಅಂಚು ಮುಚ್ಚಿಕೊಂಡು ಒಂದು ಕಡೆ ವಾಲುತ್ತದೆ. ತಟ್ಟೆ ಸಮೇತ 20 ನಿಮಿಷ ಫ್ರೀಜರ್. ಈ ಊರಿನಲ್ಲಿ ಇದೊಂದನ್ನು ಮಾತ್ರ ಯಾರೂ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಓವನ್ 220 ಡಿಗ್ರಿ, ಚೆನ್ನಾಗಿ ಕಾದ ಮೇಲೆ 15 ನಿಮಿಷ.

ಮೊನ್ನೆ ತೆಗೆದದ್ದನ್ನು ಕೈಯಲ್ಲಿ ಹಿಡಿದು ನೋಡಿದೆ. ನಡು ಸುತ್ತಲೂ ತಾನೇ ಬಿರುಕು ಬಿಟ್ಟಿತ್ತು, ಚಾಕು ಬೇಕಾಗಲಿಲ್ಲ, ಎರಡು ಹೋಳಾಗಿ ಬಿಡಿಸಿಕೊಂಡಿತು. ಒಳಗೆ ತೆಳು ಹಳದಿ, ಹಬೆ, ಬೆಣ್ಣೆ ಇದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ಪೊಳ್ಳು.

ಈಗ ಜೋಳದ ಕೆಲಸ ಶುರುವಾಗಿದೆ. 50 ಗ್ರಾಂ ಮೈದಾ ತೆಗೆದು ಅಷ್ಟೇ ಬಿಳಿಜೋಳದ ಹಿಟ್ಟು ಹಾಕಿದರೆ ರುಚಿ ಬಹಳ ಚಂದ, ಮಜ್ಜಿಗೆ ಎರಡು ಚಮಚ ಜಾಸ್ತಿ ಹಿಡಿಯುತ್ತದೆ ಅಷ್ಟೇ. 100 ಗ್ರಾಂಗೆ ಹೋದರೆ ಪುಡಿಪುಡಿ. ಜೋಳದ ಹಿಟ್ಟಿಗಷ್ಟೇ ಮೊದಲು ಕುದಿನೀರು ಹಾಕಿ ನಾದಿ, ಪೂರ್ತಿ ತಣಿಸಿ ಆಮೇಲೆ ಮೈದಾಕ್ಕೆ ಸೇರಿಸು ಅಂದಿದ್ದಾಳೆ ಅವ್ವ. ಈ ಭಾನುವಾರ ಅದನ್ನೇ ಮಾಡುತ್ತೇನೆ.